ಹಾಲ್‌ನ ಲೈಟಿನ ತಪ್ಪಲ್ಲ

ಪ್ರಣೀ,

ರಬಾಳೆಗೆ ಕೆಲಸಕ್ಕೆ ಬೇಗ ಹೋಗಬೇಕು. ನಿನ್ನನ್ನು ಎಬ್ಬಿಸುವ ಧೈರ್ಯ ಆಗಲಿಲ್ಲ.

ಜಯೇಶಣ್ಣನ ಮದುವೆ ಫೋಟೋಗಳಲ್ಲಿ ಎಲ್ಲರೂ ಬೆಳ್ಳಗೆ ಕಾಣುವುದು ಹಾಲ್‌ನ ಲೈಟಿನಿಂದ ಅಂತ ನಿನ್ನೆ ಹೇಳಿದೆನಲ್ಲ, ಅದು ಸುಳ್ಳು. ಕ್ಯಾಮೆರಾದ ಮೂಲ ಫೈಲುಗಳನ್ನೆಲ್ಲ ಒಟ್ಟಿಗೆ ಮಾಮೂಲಿ ಜೆಪಿಜಿ ಫೋಟೋಗಳಾಗಿ ಮಾಡುವಾಗ ಮೈಬಣ್ಣ ತಿಳಿಯಾಗಿಸುವ ಸೆಟ್ಟಿಂಗನ್ನೂ ಹಾಕಿದ್ದು ನಾನೇ. ಎಷ್ಟು ಹಾಕಬೇಕೆಂದು ಅಳೆದದ್ದು ನಿನ್ನ ಮುಖ ನೋಡಿ. ನೀನು "ಅಕ್ಕ, ಇದು ನಾನಾ?" ಎಂದು ಕೇಳಿ ಎದ್ದು ಹೋದೆ. ಆಗಲೂ ನನ್ನ ಬಾಯಿಂದ ನಿಜ ಹೊರಡಲಿಲ್ಲ.

ಮೂಲ ಫೈಲುಗಳು ಹಾಗೇ ಇದ್ದವು. ಬಣ್ಣ ಮುಟ್ಟದೆ ಎಲ್ಲವನ್ನೂ ಈಗ ಮತ್ತೆ ಕನ್ವರ್ಟ್ ಮಾಡಿದ್ದೇನೆ. 'ಹೊಸತು' ಎಂಬ ಫೋಲ್ಡರಿನಲ್ಲಿವೆ. ಹಳೆಯ ಫೋಲ್ಡರನ್ನು ನೀನೇ ಡಿಲೀಟ್ ಮಾಡು. ಕಂಪ್ಯೂಟರ್ ಬಂದ್ ಮಾಡಬೇಡ, ಅಮ್ಮನ ಪೆನ್‌ಡ್ರೈವಿಗೆ ಕಾಪಿ ಆಗ್ತಾ ಉಂಟು.

ಉಡುಪಿಯ ಚಿಕ್ಕಮ್ಮನಿಗೂ ಫೋನ್ ಮಾಡಿ, ನಿಮಗೆ ಮೊದಲೇ ಕಳಿಸಿದ್ದ ಫೋಟೋಗಳ ಬಣ್ಣ ಬದಲಿಸಿದ್ದು ನಾನೇ, ಅವನ್ನು ಯಾರಿಗೂ ತೋರಿಸಬೇಡಿ ಅಂದೆ.

"ಯಾಕೆ ಮಾರಾಯ್ತಿ? ಪ್ರಣೀತಾ ಇದ್ದ ಹಾಗೇ ಚಂದ ಅಲ್ವಾ?" ಅಂತ ಕೇಳಿದರು.

ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ಸಂಜೆ ನನ್ನ ಹತ್ತಿರ ಮಾತಾಡದಿದ್ದರೂ ಸರಿ, ಹಸಿದು ಕೂರಬೇಡ.

ಅಕ್ಕ