ಮೂರು ಎಂಟಾಗಿ ಕಂಡ ಭಾನುವಾರ

ಮಾನ್ಯ ಪ್ರಸಾರ ನಿಯಂತ್ರಣಾಧಿಕಾರಿಗಳೇ,

ದೇಶದ ಅಂಗಿ ತೊಟ್ಟು ಆಡುತ್ತಿದ್ದ ನಮ್ಮ ಮನೆಯ ಹುಡುಗಿಯನ್ನು, ದುಡ್ಡು ಕೊಟ್ಟು ಕೊಂಡ ಚಂದಾದಲ್ಲಿ, ನಮ್ಮದೇ ಮನೆಯ ಟಿವಿಯಲ್ಲಿ ನಮಗೆ ಗುರುತಿಸಲಾಗಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ಮೊದಲು ನಿಮ್ಮ ಕಚೇರಿಯ ಜಾಲತಾಣಕ್ಕೇ ಒಯ್ದಿದ್ದೆ. ದೂರು ಯಾವ ಬಗೆಯದು ಎಂದು ಅದು ಕೇಳಿತು: ಬಿಲ್ಲು, ಸಂಪರ್ಕ, ಅಶ್ಲೀಲತೆ, ಇತರೆ. ಮನೆಯ ಹುಡುಗಿಯ ಗುರುತು ಸಿಗದಿರುವುದು ಬಿಲ್ಲೂ ಅಲ್ಲ, ಅಶ್ಲೀಲತೆಯೂ ಅಲ್ಲವೆಂದು 'ಇತರೆ' ಒತ್ತಿದೆ. ಒತ್ತಿದ ಬೆರಳು ತೆಗೆಯುವಷ್ಟರಲ್ಲಿ 'ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ, ಧನ್ಯವಾದ' ಎಂಬ ಉತ್ತರ ಬಂತು. ಇಷ್ಟು ಚುರುಕಾದ ಸರ್ಕಾರಿ ಕೆಲಸವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಹಾಗಾಗಿ ಈಗ ನಾಲ್ಕು ಜನರೆದುರೇ, ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ನಾಚಿಕೆಯಾಗುತ್ತಿದೆ. ಅದರಲ್ಲಿ ನಿಮ್ಮ ಪಾಲೂ ಇದೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯವನು. ಔಷಧದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಒಳಗೆ ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಹಿಂದಿನಿಂದ ದೀಪ ಹಾಕಿದ ಅಂಕಿಗಳ ಬೋರ್ಡು. ಓದು ಬಾರದವರೂ ಅಂಕಿ ಗುರುತಿಸುತ್ತಾರೆಂದು ಅಕ್ಷರದ ಬೋರ್ಡು ತೆಗೆದು ಅಂಕಿಯದನ್ನು ಹಾಕಿದ್ದೇನೆ. ಅದರ ಕೊನೆಯ ಸಾಲುಗಳಲ್ಲಿ ಮೂರು ಮತ್ತು ಎಂಟು ಪಕ್ಕಪಕ್ಕದಲ್ಲೇ ಇವೆ. ಬೇಕೆಂದೇ ಇವೆ. ಕಣ್ಣು ಸೋತವರಿಗೆ ಮೂರು ಎಂಟಾಗುತ್ತದೆ, ಎಂಟು ಮೂರಾಗುತ್ತದೆ. "ಮೂರಾ, ಎಂಟಾ? ಊಹೆ ಬೇಡ, ನೋಡಿ ಹೇಳಿ" ಎಂದು ಗಿರಾಕಿಗಳನ್ನು ಗದರಿಸುವುದೇ ನನ್ನ ಹೊಟ್ಟೆಪಾಡು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನನ್ನಂಥ ಯಾವನನ್ನೋ ನೋಡಿಯೇ ಹುಟ್ಟಿರಬೇಕು.

ನನಗೆ ಇನ್ನೊಂದು ಹಿರಿಮೆಯೂ ಇತ್ತು. ಯಾವ ಆ್ಯಪಿನ ಚಂದಾ ಅಗ್ಗ, ಯಾವುದರಲ್ಲಿ ಸಿನಿಮಾ, ಯಾವುದರಲ್ಲಿ ಆಟ ಎಂದು ನಮ್ಮ ಕಟ್ಟಡದವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಮೇಲಿನ ಮಹಡಿಯ ಎಲೆಕ್ಟ್ರಿಷಿಯನ್ ನನಗೆ 'ಪ್ಯಾಕ್ ಪಂಡಿತ' ಎಂದು ಬಿರುದು ಕೊಟ್ಟಿದ್ದ. ಬಿರುದು ಸುಮ್ಮನೆ ಬಂದದ್ದಲ್ಲ. ಒಂದು ಆ್ಯಪಿನಲ್ಲಿ ಚಿತ್ರ ಚೆನ್ನ, ಆಟವಿಲ್ಲ. ಇನ್ನೊಂದರಲ್ಲಿ ಆಟವಿದೆ, ಆದರೆ 'ಆಯ್ದ ಆಟ'. ಆಯ್ಕೆ ಅವರದ್ದು, ಕಾಸು ನಮ್ಮದು. ಮತ್ತೊಂದರಲ್ಲಿ ಎಲ್ಲ ಆಟವೂ ಇದೆ, ನಡುನಡುವೆ ಜಾಹೀರಾತೂ ಇದೆ. ಗೋಲು ಬೀಳುವ ಹೊತ್ತಿಗೆ ಸೋಪು ಬರುತ್ತದೆ. ಜಾಹೀರಾತು ಬೇಡವೆಂದರೆ ಅದಕ್ಕೆ ಬೇರೆ ದುಡ್ಡು. ಟಿವಿಯಲ್ಲಿ ನೋಡಬೇಕೆಂದರೆ ಇನ್ನೊಂದಿಷ್ಟು. ಚಿತ್ರ ಸ್ಪಷ್ಟವಾಗಿರಬೇಕೆಂದರೆ ವರ್ಷದ ಚಂದಾವನ್ನು ಒಂದೇ ಏಟಿಗೆ ಕಟ್ಟಬೇಕು. ಎಲ್ಲ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ವ್ಯಾಪಾರದ ನೀತಿಯನ್ನಾಗಿ ಮಾಡಿ ಅದಕ್ಕೆ ನಿಮ್ಮ ಕಚೇರಿಯಿಂದ ಪರವಾನಗಿಯನ್ನೂ ಪಡೆದ ಜಾಣರಿವರು.

ಈ ಜಾಣರ ಜಾಹೀರಾತಿನಲ್ಲಿ ಒಂದು ಪದವಿದೆ, ತಾವು ಗಮನಿಸಿರಬಹುದು: 'ವರೆಗೆ'. ಅತ್ಯುತ್ತಮ ಗುಣಮಟ್ಟದ ಚಿತ್ರ, ವರೆಗೆ. 'ಅತ್ಯುತ್ತಮ' ಗೋಡೆಯಷ್ಟು ದೊಡ್ಡದು, 'ವರೆಗೆ' ಇರುವೆಯಷ್ಟು, ಅದರ ತಲೆಯ ಮೇಲೊಂದು ನಕ್ಷತ್ರ. ಆ ನಕ್ಷತ್ರದ ಅರ್ಥವನ್ನು ಪುಟದ ತಳದಲ್ಲಿ ಬರೆದಿರುತ್ತಾರಂತೆ. ನನ್ನ ಅಂಗಡಿಯ ಅತಿ ದಪ್ಪ ಗಾಜು ಇಟ್ಟು ನೋಡಿದರೂ ನನಗದು ಓದಲಾಗಲಿಲ್ಲ. ಇದನ್ನು ಒಪ್ಪಿ ಸಹಿ ಹಾಕಿದವರ ಕಣ್ಣಿನ ಪವರ್ ಎಷ್ಟೆಂದು ತಿಳಿಯುವ ಕುತೂಹಲ ನನಗಿದೆ. ಒಮ್ಮೆ ಅಂಗಡಿಗೆ ಬನ್ನಿ, ಪುಕ್ಕಟೆ ನೋಡುತ್ತೇನೆ.

ಇನ್ನು ಆ ಭಾನುವಾರದ ಕಥೆ. ನನ್ನ ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ಹೋಟೆಲುಗಳ ಬಿಳಿ ಹಾಸುಗಳನ್ನು ದಿನವಿಡೀ ಆವಿಯಲ್ಲಿ ನಿಂತು ಮಡಿಸುತ್ತಾಳೆ. ಭಾವ ತೀರಿಕೊಂಡ ಮೇಲೆ ಮಗಳನ್ನು ಒಬ್ಬಳೇ ಬೆಳೆಸಿದಳು. ಆ ಮಗಳು ಲಾಂಡ್ರಿಯ ಹಿಂದಿನ ಅಂಗಳದಲ್ಲಿ ಒದ್ದು ಒದ್ದು ಕಲಿತ ಫುಟ್‌ಬಾಲ್ ಅವಳನ್ನು ದೇಶದ ಕಿರಿಯರ ತಂಡದವರೆಗೆ ಒಯ್ದಿತು. (ಇಲ್ಲಿ 'ವರೆಗೆ' ಎಂದರೆ ನಿಜವಾಗಿಯೂ ವರೆಗೆ.) ಅವಳ ಮೊದಲ ಪಂದ್ಯ ಪರದೇಶದಲ್ಲಿ, ಬೆನ್ನ ಮೇಲೆ ಎಂಟನೇ ನಂಬರು. ಅಕ್ಕ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ಯಾವ ಪ್ಯಾಕ್ ಹಾಕಿಸ್ಬೇಕೋ ನೀನೇ ನೋಡಿ ಹಾಕ್ಸು. ದುಡ್ಡು ಕೊಡ್ತೀನಿ. ಅವಳ ಮುಖ ಕಾಣ್ಬೇಕು ಅಷ್ಟೆ."

ಆ ಪಂದ್ಯವಿದ್ದದ್ದು ನಾನು ಚಂದಾ ಕಟ್ಟದೆ ಬಿಟ್ಟಿದ್ದ ಒಂದೇ ಒಂದು ಆ್ಯಪಿನಲ್ಲಿ. ಅದರ ಮೇಲಿನ ಪ್ಯಾಕು ದುಬಾರಿ. ಕೆಳಗಿನದ್ದು ಫೋನಿಗೆ ಮಾತ್ರ. ಪಂಡಿತನ ತಲೆ ಓಡಿತು. ಫೋನಿನದ್ದೇ ಕೊಂಡು, ಒಂದು ವೈರಿನಿಂದ ಅದನ್ನು ಟಿವಿಗೆ ಸಿಕ್ಕಿಸಿದರಾಯಿತಲ್ಲ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನಾನು ಕಾಲು ಮಡಚಲಿಲ್ಲ, ಹಾಸಿಗೆಯನ್ನೇ ಹಿಡಿದು ಎಳೆದೆ. ಅಕ್ಕ ಕೊಟ್ಟಿದ್ದ ದುಡ್ಡಿನಲ್ಲಿ ಮಿಕ್ಕದ್ದನ್ನು ವಾಪಸು ಕೊಡುವಾಗ "ನೋಡಿದ್ಯಾ ನಿನ್ನ ತಮ್ಮನ್ನ" ಎಂದು ಬೀಗಿದ್ದೆ ಕೂಡ.

ಮಧ್ಯಾಹ್ನ ಕಟ್ಟಡದ ಅರ್ಧ ಜನ ನನ್ನ ಮನೆಯಲ್ಲಿದ್ದರು. ಕುರ್ಚಿ ಸಾಲದೆ ಎಲೆಕ್ಟ್ರಿಷಿಯನ್ ತನ್ನ ಏಣಿಯನ್ನೇ ತಂದು ಅದರ ಮೆಟ್ಟಿಲ ಮೇಲೆ ಕೂತಿದ್ದ. ಅಕ್ಕ ಎದ್ದು ಕಾಣುವ ಹೊಸ ಬಟ್ಟೆ ಉಟ್ಟು, ಟಿವಿಯೊಳಗಿಂದ ಮಗಳೂ ತನ್ನನ್ನು ನೋಡುತ್ತಾಳೇನೋ ಎಂಬಂತೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಚಿತ್ರ ಬಂತು. ಹಸಿರು ನೆಲ, ಅದರ ಮೇಲೆ ಒದ್ದೆ ಕಾಗದದಲ್ಲಿ ಹರಡಿದ ಶಾಯಿಯಂಥ ಮನುಷ್ಯರು. ಎಲ್ಲೋ ಮೇಲೆ ನಿಲ್ಲಿಸಿದ ಒಂದೇ ಕ್ಯಾಮೆರಾ. ಯಾರ ಮುಖವನ್ನೂ ಹತ್ತಿರಕ್ಕೆ ತರುತ್ತಿರಲಿಲ್ಲ. ಮಾತು ಚಿತ್ರಕ್ಕಿಂತ ಹಿಂದೆ ಬರುತ್ತಿದ್ದುದರಿಂದ ವೀಕ್ಷಕ ವಿವರಣೆಯ ಬಾಯಿ ನಾನೇ ಮುಚ್ಚಿಸಿದ್ದೆ. ಒಬ್ಬಳು ಎಡಗಡೆಯಿಂದ ಬಾಣದಂತೆ ಓಡಿದಳು. ನಾನು ಎದ್ದು ನಿಂತು ಬೆರಳು ತೋರಿಸಿದೆ. "ಅಗೋ, ಎಂಟು! ನಮ್ಮ ಹುಡುಗಿ!"

ಚಪ್ಪಾಳೆ ಬಿತ್ತು. ಅಕ್ಕ ಮಾತ್ರ ಮುಂದಕ್ಕೆ ಬಗ್ಗಿದಳು. "ಅಲ್ಲ ಕಣೋ. ನಮ್ಮವಳು ಹಾಗೆ ಓಡಲ್ಲ. ನಡುವೆ ಇದಾಳಲ್ಲ, ಒಂದು ಕೈ ಮೈಗೆ ಅಂಟಿಸ್ಕೊಂಡು ಓಡ್ತಾಳಲ್ಲ, ಅವಳನ್ನ ನೋಡು. ಚಿಕ್ಕವಳಿದ್ದಾಗಿಂದ ಅವಳದ್ದು ಹಾಗೇನೆ."

"ಅವಳ ಬೆನ್ನ ಮೇಲಿರೋದು ಮೂರು ಅಕ್ಕ. ಊರಿಗೆಲ್ಲ ಕಣ್ಣು ನೋಡೋನು ನಾನು. ನನಗೇ ಹೇಳ್ಕೊಡ್ತೀಯಾ?"

"ಪಂಡಿತರು ಹೇಳಿದ್ಮೇಲೆ ಮುಗೀತು ಬಿಡಿ ಅಕ್ಕಾ" ಎಂದ ಏಣಿಯ ಮೇಲಿನವನು. ಎಲ್ಲರೂ ನಕ್ಕರು. ಅಕ್ಕನೂ ನಕ್ಕು ಸುಮ್ಮನಾದಳು. ಹೆತ್ತವಳು ನಡಿಗೆಯಲ್ಲೇ ಗುರುತು ಹಿಡಿದಿದ್ದಳು, ಮಾನ್ಯರೇ. ಅವಳ ಬಾಯಿ ಮುಚ್ಚಿಸಿದವನು ನಾನು. ಆಮೇಲೆ ಪಂದ್ಯ ಮುಗಿಯುವ ತನಕ ನಾವು ಯಾರದೋ ಮಗಳಿಗೆ ಕೂಗಿ ಕೂಗಿ ಗಂಟಲು ಹರಿದುಕೊಂಡೆವು.

ಸಮ-ಸಮವಾಗಿ ಮುಗಿಯಬೇಕಿದ್ದ ಪಂದ್ಯ. ಕೊನೆಯಲ್ಲಿ ನಡುವಿನ ಆ ಹುಡುಗಿ ಹಿಂದೆ ತಿರುಗಿ ನೋಡದೆ ತಮ್ಮ ಗೋಲ್‌ಕೀಪರಿಗೆಂದು ಚೆಂಡು ತಳ್ಳಿದಳು. ಚೆಂಡು ಅರ್ಧ ದಾರಿಯಲ್ಲಿ ಎದುರಾಳಿಯ ಕಾಲಿಗೆ ಸಿಕ್ಕಿತು. ಗೋಲು. ನಮ್ಮ ಕೋಣೆ ಕೆರಳಿತು, ಎಲ್ಲರಿಗಿಂತ ದೊಡ್ಡ ಬಾಯಿ ನನ್ನದು. "ಯಾವಳೇ ಅವಳು, ಆ ಮೂರನೇ ನಂಬರು! ಕಣ್ಣಿದೆಯೋ ಇಲ್ವೋ? ಯಾರೋ ದೊಡ್ಡೋರ ಶಿಫಾರಸು ಇರ್ಬೇಕು. ಇಂಥ ದಂಡಪಿಂಡಗಳನ್ನ ಕಟ್ಕೊಂಡು ನಮ್ಮ ಹುಡುಗಿ ಏನು ತಾನೇ ಮಾಡ್ತಾಳೆ?" ಒಬ್ಬೊಬ್ಬರು ಒಂದೊಂದು ಬೈಗುಳ ಸೇರಿಸಿದರು. ಅಕ್ಕ ಮೆಲ್ಲಗೆ ಏನೋ ಅಂದಳು. ನಾನು ಆಗ ಅದಕ್ಕೆ ಬೆಲೆ ಕೊಡಲಿಲ್ಲ.

ಜನ ಇನ್ನೂ ಕೂತಿರುವಾಗಲೇ ಹುಡುಗಿಯ ಫೋನು ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದವನೂ ನಾನೇ, ಮೊದಲು ಬಾಯಿ ಬಿಟ್ಟವನೂ ನಾನೇ. "ಬೇಜಾರು ಮಾಡ್ಕೋಬೇಡ ಪುಟ್ಟಿ. ನೀನು ಹುಲಿ ಹಾಗೆ ಆಡ್ದೆ, ಎಲ್ಲರೂ ನೋಡಿದ್ವಿ. ಹಾಳು ಮಾಡಿದ್ದು ಆ ಮೂರನೇ ನಂಬರಿನ ದಂಡಪಿಂಡ."

ಹುಡುಗಿ ಹೇಳಿದಳು. "ಮಾವ, ಆ ಪಾಸು ಕೊಟ್ಟಿದ್ದು ನಾನು." ಮತ್ತೆ, ನಿಜವಾಗಿಯೂ ತಿಳಿಯದೆ ಕೇಳುವವಳಂತೆ, "ನೀವು ಯಾರನ್ನ ನೋಡ್ತಿದ್ರಿ?"

ಅಕ್ಕ ನನ್ನ ಕೈಯಿಂದ ಫೋನು ಕಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಲೆಕ್ಟ್ರಿಷಿಯನ್ ಸದ್ದಾಗದಂತೆ ಏಣಿ ಮಡಚಿದ. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೋದರು. ನಾನು ಟಿವಿಯ ಮುಂದೆ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೂ ಬಿಡಲಿಲ್ಲ.

ಮರುದಿನ ದುಬಾರಿ ಪ್ಯಾಕು ಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು. ಅದೇ ಪಂದ್ಯವನ್ನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮತ್ತೆ ನೋಡಿದೆ. ಅದೇ ಕ್ಯಾಮೆರಾ, ಅದೇ ಎತ್ತರ. ಆದರೆ ಎಂಟು ಎಂಟಾಗಿತ್ತು, ಮೂರು ಮೂರಾಗಿತ್ತು. ಮೈಗೆ ಅಂಟಿಸಿಕೊಂಡ ಆ ಕೈ ಕಾಣಿಸಿತು. ಗೋಲು ಬಿದ್ದ ಮೇಲೆ ಅವಳು ಎರಡೂ ಕೈ ತಲೆಯ ಮೇಲಿಟ್ಟು ನಿಂತದ್ದು, ಎಡಗಡೆಯ ಮೂರನೇ ನಂಬರಿನ ಹುಡುಗಿ ಓಡಿ ಬಂದು ಅವಳನ್ನು ತಬ್ಬಿಕೊಂಡದ್ದು, ಎಲ್ಲವೂ ಕಂಡಿತು. ಅಂದರೆ ಸ್ಪಷ್ಟವಾದ ಚಿತ್ರ ಅವರ ಹತ್ತಿರ ಮೊದಲಿನಿಂದಲೂ ಇತ್ತು. ಅದನ್ನು ಬೇಕೆಂದೇ ಮಬ್ಬು ಮಾಡಿ ನಮಗೆ ಕಳಿಸಿದ್ದರು. ಗ್ರಾಹಕ ಸೇವೆಗೆ ಫೋನು ಹಚ್ಚಿದೆ. "ಸರ್, ನೀವು ತಗೊಂಡಿರೋ ಪ್ಲ್ಯಾನಿಗೆ ಅದೇ ಕ್ವಾಲಿಟಿ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?" ಎಂದಳು ಗ್ರಾಹಕ ಸೇವೆಯ ಹುಡುಗಿ. ಪಾಪ, ಅವಳೂ ಯಾರದೋ ಮಗಳು. ಈ ಸಲ ಬೈಯಲಿಲ್ಲ.

'ಕೊಟ್ಟ ಕಾಸಿಗೆ ತಕ್ಕ ಕಜ್ಜಾಯ, ಅದರಲ್ಲಿ ತಪ್ಪೇನು' ಎಂದು ತಾವು ಕೇಳಬಹುದು. ನನ್ನ ಜುಗ್ಗತನ ನನ್ನದು, ನನ್ನ ಜಂಬ ನನ್ನದು. ಅವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನ ಅಂಗಡಿಯ ಒಂದು ನಿಯಮ ಹೇಳುತ್ತೇನೆ ಕೇಳಿ. ಬಡವ ಬಂದರೆ ಅಗ್ಗದ ಫ್ರೇಮ್ ಕೊಡುತ್ತೇನೆ. ಅಗ್ಗದ ಪವರ್ ಕೊಡುವುದಿಲ್ಲ. ಸರಿಯಾದ ಗಾಜು ಡ್ರಾಯರಿನಲ್ಲಿ ಇಟ್ಟುಕೊಂಡು, ಇವನು ಕಡಿಮೆ ಕೊಟ್ಟನೆಂದು ಮಬ್ಬು ಗಾಜು ಕೂರಿಸಿ ಕಳಿಸಿದರೆ ತಮ್ಮಂಥ ಅಧಿಕಾರಿಗಳು ಬಂದು ನನ್ನ ಅಂಗಡಿಗೆ ಬೀಗ ಜಡಿಯುತ್ತೀರಿ. ಜಡಿಯಲೇಬೇಕು. ಅದೇ ಕೆಲಸವನ್ನು ಊರಗಲ ಮಾಡುವವರಿಗೆ ಮಾತ್ರ ಪರವಾನಗಿಯನ್ನು ವರ್ಷವರ್ಷವೂ ಹೊಸದು ಮಾಡಿ ಕೊಡುತ್ತೀರಿ. ಇದು ಯಾವ ನ್ಯಾಯ?

ಹೋದ ವಾರ ಹುಡುಗಿ ಊರಿಗೆ ಬಂದಳು. ಎರಡು ದಿನ ನಾನು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹುಡುಗಿಯೇ ಅಂಗಡಿಗೆ ಬಂದು ಎತ್ತರದ ಕುರ್ಚಿಯಲ್ಲಿ ಕೂತಳು. ನಾನು ಒರೆಸಿದ ಗಾಜನ್ನೇ ಒರೆಸುತ್ತಿದ್ದೆ. ಅಂಕಿಯ ಬೋರ್ಡನ್ನೇ ನೋಡುತ್ತಾ ಕೇಳಿದಳು. "ಎಲ್ಲಾರೂ ಬೈದ್ರಿ ಅಲ್ವಾ ಮಾವ? ಇರ್ಲಿ, ಬೈಯೋ ಹಾಗೇ ಆಡಿದ್ದೆ. ಒಂದು ಹೇಳಿ. ಅಮ್ಮನೂ ಬೈದ್ಳಾ?"

ಆಗ ನೆನಪಾಯಿತು, ಅಕ್ಕ ಮೆಲ್ಲಗೆ ಅಂದದ್ದು. "ಇಲ್ಲಮ್ಮ. ಅವಳೊಬ್ಬಳೇ ಬೈಲಿಲ್ಲ. 'ಸುಮ್ನಿರ್ರೋ, ಪಾಪ, ಆ ಮಗು ತಾಯಿ ಎಲ್ಲೋ ಕೂತು ನೋಡ್ತಿರ್ತಾಳೆ' ಅಂದ್ಳು."

ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲದ ಸಂಗತಿ ಈ ಪತ್ರದಲ್ಲಿ ಅದೊಂದೇ.

ಆದ್ದರಿಂದ ನನ್ನ ಒತ್ತಾಯ ಇದು. ದೇಶದ ಅಂಗಿ ತೊಟ್ಟು ಯಾರೇ ಆಡಲಿ, ಎಷ್ಟೇ ಕಿರಿಯರ ತಂಡವಾಗಲಿ, ಆ ಪಂದ್ಯದ ಚಿತ್ರ ಎಲ್ಲ ಚಂದಾದಾರರಿಗೂ ಒಂದೇ ಸ್ಪಷ್ಟತೆಯಲ್ಲಿ ಸಿಗಬೇಕೆಂದು ಆದೇಶ ಹೊರಡಿಸಿ. ಉಳಿದದ್ದಕ್ಕೆ ಅವರು ಎಷ್ಟು ಬೇಕಾದರೂ ಕೀಳಲಿ. ಈ ದೂರನ್ನು 'ಇತರೆ'ಗೆ ತಳ್ಳುವ ಮುನ್ನ ಒಂದು ಮಾತು ನೆನಪಿಡಿ. ಆ ಮಗುವಿನ ತಾಯಿ ನೋಡುತ್ತಿದ್ದಳು ಸ್ವಾಮಿ. ಹೊಸ ಬಟ್ಟೆ ಉಟ್ಟು, ಎಲ್ಲರಿಗಿಂತ ಮುಂದೆ ಕೂತು ನೋಡುತ್ತಲೇ ಇದ್ದಳು. ಅವಳಿಗೆ ಮಗಳು ಕಾಣಿಸಲಿಲ್ಲ.

ಇಂತಿ,
ಊರಿಗೆಲ್ಲ ಕಣ್ಣು ನೋಡುವ,
ಅಕ್ಕನ ಕಣ್ಣನ್ನು ನಂಬದ,
ಮಾಜಿ ಪ್ಯಾಕ್ ಪಂಡಿತ