ಖಾಲಿ ಬಿಟ್ಟಿದ್ದ ಉದಾಹರಣೆ

ಜೂನ್ ೧೧, ಶುಕ್ರವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ, ಬೈಯಬೇಡ. ಎರಡರಲ್ಲೂ ನೀನು ಕೇಳಿದ್ದು ಒಂದೇ, ಮಗುವಿಗೆ ಹಾಲು ಸಾಲುತ್ತಿದೆಯಾ ಅಂತ. ಮೂರು ತಿಂಗಳು ತುಂಬಿತು, ತೂಕ ಚೆನ್ನಾಗಿ ಏರುತ್ತಿದೆ. "ಎಲ್ಲ ನಮ್ಮ ಸೊಸೆ ಹಾಲಿನ ಗುಣ" ಅಂತ ಅತ್ತೆ ಬಂದವರ ಮುಂದೆಲ್ಲ ಸಾರುತ್ತಾರೆ. ನಾನು ನಕ್ಕು, ಮಗುವನ್ನು ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಅದು ಮಲಗುತ್ತದೆ. ನಾನು ಅದರ ಉಸಿರು ಎಣಿಸುತ್ತಾ ಕೂರುತ್ತೇನೆ.

ನಿಘಂಟಿನ ಕೆಲಸ ಮನೆಗೇ ಬರುತ್ತಿದೆ. ಈ ಸಲ ಒಣಗುವ, ಮಾಸುವ ಅರ್ಥದ ಇಂಗ್ಲಿಷ್ ಪದಗಳು. ನಮ್ಮ ಸಂಪಾದಕರ ಹಟ ಗೊತ್ತಲ್ಲ, ಉದಾಹರಣೆ ವಾಕ್ಯವನ್ನು ಬೇರೆ ನಿಘಂಟಿನಿಂದ ಎತ್ತಬಾರದು, ಸ್ವಂತ ಮನೆಯಲ್ಲಿ ಕಂಡದ್ದೇ ಆಗಬೇಕು. ‘ವಿಲ್ಟ್’ಗೆ ಕಿಟಕಿಯ ಕುಂಡ ಸಿಕ್ಕಿತು, ಬಾಡಿದ್ದ ಗಿಡ ನೀರು ಕಂಡೊಡನೆ ತಲೆ ಎತ್ತಿತು. ‘ವಿದರ್’ ಅಂದರೆ ಎಷ್ಟು ನೀರು ಸುರಿದರೂ ಚಿಗುರದಂತೆ ಒಣಗುವುದು. ಅದಕ್ಕೆ ಪಕ್ಕದ ಕುಂಡ. ‘ಶ್ರಿವೆಲ್’ಗೆ ಫ್ರಿಜ್ಜಿನ ಮೂಲೆಯಲ್ಲಿ ಸುಕ್ಕುಗಟ್ಟಿದ ನಿಂಬೆಹಣ್ಣು. ‘ಫೇಡ್’ಗೆ ನಮ್ಮ ಯಜಮಾನರ ನೀಲಿ ಅಂಗಿ.

"ನನ್ನ ಅಂಗೀನೇ ಬೇಕಿತ್ತೇನೇ? ಅದು ಮಾಸಿಲ್ಲ, ಒಗೆದೊಗೆದು ಹದವಾಗಿದೆ" ಅಂದರು. ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರು ಅವರೇ ಅಲ್ಲವೇ, ಒಂದಕ್ಷರವನ್ನೂ ಬಿಡುವವರಲ್ಲ.

‘ಡ್ರೈ ಅಪ್’ ಮಾತ್ರ ಖಾಲಿ ಬಿಟ್ಟಿದ್ದೆ. ಮಧ್ಯಾಹ್ನ ಸಂಪಾದಕರ ಫೋನ್ ಬಂತು.

"ಏನಮ್ಮಾ, ನಿಮ್ಮನೇಲಿ ಏನೂ ಬತ್ತೇ ಇಲ್ವಾ?"

"ಇಲ್ಲ ಸರ್, ನಲ್ಲೀಲಿ ನೀರು ಚೆನ್ನಾಗೇ ಬರ್ತಿದೆ."

"ಪುಣ್ಯವಂತರು! ಸಂಜೆಯೊಳಗೆ ಏನಾದ್ರೂ ಬತ್ತಿಸಿ ಕಳಿಸಿ."

ನಗು ಬಂತು. ಆಮೇಲೆ ಕೂತು ಒಂದೇ ಸಾಲು ಬರೆದು ಕಳಿಸಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ಅಲ್ಲಿಂದಲೇ ನನ್ನ ತಲೆ ಮೇಲೊಂದು ಕೈಯಿಡು.

ನಿನ್ನ
ಚಿನ್ನಿ

ಮರೆತಿದ್ದೆ, ಅಕ್ಕ: ಆ ಸಾಲು ಇದು. "ಮಗುವಿಗೆ ಆರು ವಾರವಾಗುವಷ್ಟರಲ್ಲಿ ತಾಯಿಯ ಹಾಲು ಬತ್ತಿಹೋಯಿತು." ಹಾಲಿನ ಪುಡಿಯ ಡಬ್ಬಿ ದಪ್ಪ ನಿಘಂಟುಗಳ ಹಿಂದಿದೆ, ಅಲ್ಲಿಗೆ ಈ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ. ಇಷ್ಟು ದಿನ ಯಾರಿಗೂ ಬಾಯಿಬಿಟ್ಟು ಹೇಳಲಾಗಲಿಲ್ಲ, ನಿನಗೂ ಕೂಡ. ಸೋಮವಾರ ಕರಡು ನಮ್ಮ ಯಜಮಾನರ ಮೇಜಿಗೆ ಬರುತ್ತದೆ. ಕೆಂಪು ಪೆನ್ನು ಹಿಡಿದು ಆ ಸಾಲಿಗೆ ಬಂದಾಗ ಅವರು ನಿಲ್ಲುತ್ತಾರೋ, ವಾಕ್ಯ ಸರಿಯಿದೆ ಅಂತ ಮುಂದಕ್ಕೆ ಹೋಗುತ್ತಾರೋ ನೋಡಬೇಕು.