ಬೆಳಗಿನ ಮೊದಲ ನೀರು

ಮಾರ್ಚ್ 4, ಬೆಳಗ್ಗೆ 5.30

ನೀರು ಕುದಿಯುತ್ತಿದೆ. ಈ ಮನೆಗೆ ಬಂದ ಮೇಲೆ ಬಾವಿಗೆ ಎರಡು ಸಲ ಬ್ಲೀಚಿಂಗ್ ಪೌಡರ್ ಹಾಕಿ, ವಾಸನೆ ಹೋಗುವವರೆಗೆ ನಲ್ಲಿಗಳನ್ನೆಲ್ಲ ಬಿಟ್ಟು ತೊಳೆದಿದ್ದೇನೆ. ಆದರೂ ಇಪ್ಪತ್ತು ನಿಮಿಷ ಕುದಿಸುತ್ತೇನೆ. ಹೆಂಡತಿಗೆ ನಗು. "ಅದು ನೀರು ರೀ, ಆಲೂಗಡ್ಡೆ ಅಲ್ಲ. ಎಷ್ಟು ಕುದಿಸಿದ್ರೂ ಬೇಯಲ್ಲ."

ನಗಲಿ. ಐದು ತಿಂಗಳ ಕೂಸಿನ ಹೊಟ್ಟೆಯ ವಿಷಯದಲ್ಲಿ ನಾನು ರಿಸ್ಕ್ ತೆಗೆದುಕೊಳ್ಳುವವನಲ್ಲ. ಇವತ್ತಿನಿಂದ ಹಾಲಿನ ಪುಡಿ ಕಲಸಿ ಪುಟ್ಟಿಗೆ ಬೆಳಗಿನ ಬಾಟ್ಲಿ ಕೊಡುವುದು ನನ್ನ ಪಾಲು. ಅವಳಮ್ಮ ಒಂದಿಷ್ಟು ನಿದ್ದೆ ಮಾಡಲಿ.

ಮಾರ್ಚ್ 6

ಪುಟ್ಟಿ ಬೆಳಗ್ಗೆ ಕುಡಿದದ್ದನ್ನೆಲ್ಲ ಕಕ್ಕಿದಳು. ನನ್ನ ಅಂಗಿ ಮೇಲೆ. ಹೊಟ್ಟೆಗೆ ಗಾಳಿ ಹೋಗಿರಬೇಕು ಎಂದರು ಡಾಕ್ಟರು. ಗಾಳಿಯಂತೆ. ಕ್ರಿಮಿಯೇ, ಇನ್ನೇನು. ನಾಳೆಯಿಂದ ಅರ್ಧ ಗಂಟೆ ಕುದಿಸುವುದು.

ಮಾರ್ಚ್ 7

ಮತ್ತೆ ವಾಂತಿ. ಬೇಸಿನ್‌ನಲ್ಲಿ ನಲ್ಲಿಯ ಕೆಳಗೆ ನೀಲಿ-ಹಸಿರು ಕಲೆ, ಎಷ್ಟು ಉಜ್ಜಿದರೂ ಹೋಗಲೊಲ್ಲದು. ಪಾಚಿ ಇರಬೇಕು... ಬಾವಿಗೆ ಇನ್ನೊಂದು ಡೋಸ್ ಬೇಕೇನೋ.

"ನೀರು ಒಂಥರಾ ರುಚಿ ರೀ. ಸ್ಟೀಲ್ ಚಮಚ ನೆಕ್ಕಿದ ಹಾಗೆ," ಎಂದಳು ಹೆಂಡತಿ. ಕ್ಲೋರಿನ್ ಎಂದೆ. ನಾನು ಟೀ ಗಿರಾಕಿ, ಬರೀ ನೀರು ಕುಡಿಯುವುದೇ ಇಲ್ಲ.

ಮಾರ್ಚ್ 11

ಆಸ್ಪತ್ರೆಯಿಂದ ಬಂದೆವು. ಡ್ರಿಪ್. ಅಷ್ಟು ಚಿಕ್ಕ ಕೈಗೆ ಅಷ್ಟು ದೊಡ್ಡ ಪಟ್ಟಿ. ಅಲ್ಲಿ ಒಮ್ಮೆಯೂ ವಾಂತಿಯಾಗಲಿಲ್ಲ. ಮನೆಗೆ ಬರುವುದಕ್ಕೇ ಭಯವಾಯಿತು.

ಮಾರ್ಚ್ 12

ಬೆಳಗ್ಗೆ ವಾಂತಿ.

ಹೆಂಡತಿ ನನ್ನ ಮುಖ ನೋಡದೆ ಹೇಳಿದಳು. "ಬೇಜಾರು ಮಾಡ್ಕೋಬೇಡಿ. ನಾನು ಕೊಟ್ಟ ಬಾಟ್ಲಿ ಯಾವತ್ತೂ ಕಕ್ಕಿಲ್ಲ ಅವಳು. ನೀವು ಬೆಳಗ್ಗೆ ಕೊಡ್ತೀರಲ್ಲ, ಅದು ಮಾತ್ರ."

"ನಾನೇನು ವಿಷ ಹಾಕ್ತೀನಾ?"

"ಹಾಗಂದ್ನಾ ನಾನು?"

ಅನ್ನಲಿಲ್ಲ. ಬಾಟ್ಲಿಯನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಂಡಳು.

ಮಾರ್ಚ್ 13

ಬೆಳಗಿನ ಮೊದಲ ನೀರನ್ನೇ ಹಿಡಿದು ಪರೀಕ್ಷೆಗೆಂದು ಲ್ಯಾಬಿಗೆ ಕೊಟ್ಟು ಬಂದೆ.

ಮಾರ್ಚ್ 14

ಲ್ಯಾಬಿನ ಹೆಂಗಸು ಫೋನ್ ಮಾಡಿದ್ದರು. "ಕ್ರಿಮಿ ಒಂದೂ ಇಲ್ಲ ಸರ್. ಆದ್ರೆ ನೀರು ತುಂಬಾ ಆಸಿಡ್. ಮನೇಲಿ ಪೈಪು ತಾಮ್ರದ್ದಾ?"

ಹೌದು. ಹುಳಿ ನೀರು ರಾತ್ರಿಯೆಲ್ಲ ಪೈಪಿನಲ್ಲಿ ನಿಂತು ತಾಮ್ರವನ್ನು ತಿನ್ನುತ್ತದಂತೆ. ನೀಲಿ ಕಲೆ ಅದೇ, ಪುಟ್ಟಿಯ ವಾಂತಿಯೂ ಅದರಿಂದಲೇ. ಹಗಲು ಬಟ್ಟೆ-ಪಾತ್ರೆಗೆ ನೀರು ಹರಿದ ಮೇಲೆ ಕಡಿಮೆ. ಮೊದಲ ನೀರಿನಲ್ಲೇ ಜಾಸ್ತಿ.

"ಕುದಿಸಿದ್ರೆ ಹೋಗಲ್ವಾ?"

"ನೀರು ಆವಿಯಾಗಿ ಹೋಗುತ್ತೆ ಸರ್, ತಾಮ್ರ ಅಲ್ಲೇ ಉಳಿಯುತ್ತೆ. ಕುದಿಸಿದಷ್ಟೂ ಜಾಸ್ತಿ."

ಅರ್ಧ ಗಂಟೆ. ದಿನವೂ. ಪಾತ್ರೆಯನ್ನು ಯಾರೂ ಮುಟ್ಟಬಾರದೆಂದು ಕಾವಲು ಬೇರೆ ಕೂತಿದ್ದೆ. ಹೆಂಡತಿಗೆ ಹೇಳುತ್ತಾ ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 2

ಪಂಪಿನ ಪಕ್ಕ ಸುಣ್ಣಕಲ್ಲಿನ ಚೂರು ತುಂಬಿದ ಟ್ಯಾಂಕ್ ಕೂರಿಸಿಯಾಯಿತು. ಅದರೊಳಗೆ ಹಾದು ಬಂದ ನೀರಿಗೆ ಹುಳಿ ಇಲ್ಲ. ಲ್ಯಾಬಿನವರು ಎರಡು ಸಲ ನೋಡಿ ಸರಿ ಎಂದರು. ಇಷ್ಟು ದಿನ ಅಂಗಡಿಯ ನೀರು ಕುಡಿದ ಪುಟ್ಟಿಯ ರಕ್ತಪರೀಕ್ಷೆಯೂ ಸರಿ. ನನಗೆ ಮಾತ್ರ ಧೈರ್ಯ ಬರುತ್ತಿಲ್ಲ.

ಏಪ್ರಿಲ್ 3, ಬೆಳಗ್ಗೆ 6

ಹೆಂಡತಿ ಎಬ್ಬಿಸಿದಳು. "ಏಳಿ. ಬೆಳಗಿನ ಬಾಟ್ಲಿ ನಿಮ್ಮದಲ್ವಾ?"

ಬಕೆಟ್ ತುಂಬಿ ಚೆಲ್ಲುವವರೆಗೆ ನಲ್ಲಿ ಬಿಟ್ಟೆ. ಒಂದೇ ಕುದಿ. ಮೊದಲು ನಾನೇ ಒಂದು ಲೋಟ ಕುಡಿದೆ, ಬರೀ ನೀರು. ಏನೂ ರುಚಿಯಿಲ್ಲ. ಒಂದು ಗಂಟೆ ನೋಡಿ ಆಮೇಲೆ ಕೊಡೋಣ ಎಂದು ಕೂತಿದ್ದೇನೆ.

ಪುಟ್ಟಿ ಹಸಿದು ಅಳುತ್ತಿದ್ದಳು. ಹೆಂಡತಿ ತಂದು ನನ್ನ ತೊಡೆ ಮೇಲೆ ಹಾಕಿ ಹೋದಳು. ಈಗ ಅಳು ನಿಂತಿದೆ. ಬಾಟ್ಲಿಯನ್ನೇ ನೋಡುತ್ತಿದ್ದಾಳೆ — ಪೆನ್ನಿಗೂ ಕೈ ಹಾಕುತ್ತಿದ್ದಾಳೆ. ಇನ್ನು ಹತ್ತು ನಿಮಿಷ ಕಂದ, ಹತ್ತೇ